ಬಿಟ್ಟುಹೋದ ಶುಕ್ರವಾರ

ಶುಕ್ರವಾರ ಸೇತುವೆಯ ಹಲಗೆಗಳನ್ನು ಬಿಚ್ಚುತ್ತಾರಂತೆ ಎಂದು ಪಕ್ಕದ ಮನೆಯ ಸುಂದ್ರಕ್ಕ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದಾಗ, ನಾನು ಕೈಯಲ್ಲಿದ್ದ ಒದ್ದೆ ಬಟ್ಟೆಯ ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಒಳಗೆ ಓಡಿದೆ. ನಾನು ಓಡುವವಳಲ್ಲ. ಬಿ.ಎ. ಮುಗಿಸಿ ಊರಿಗೆ ಬಂದ ಮೇಲೆ ನಾನು ಜೋರಾಗಿ ಮಾತಾಡಿದ್ದನ್ನು ಕೇಳಿದವರೂ ಕಡಿಮೆ. ಕಿಟಕಿಯ ಪಕ್ಕ ಕೂತು ಮನೆ ಸುಮ್ಮನಿರುವುದನ್ನು ಕೇಳಿಸಿಕೊಳ್ಳುವುದೇ ನನಗೆ ಇಷ್ಟ. ಬಾವಿಯ ರಾಟೆ ನಿಂತ ಮೇಲಿನ ಮೌನ ಬೇರೆ, ಅಪ್ಪನ ಹೊಲಿಗೆ ಯಂತ್ರ ನಿಂತ ಮೇಲಿನ ಮೌನ ಬೇರೆ. ಇಂಥದ್ದನ್ನೆಲ್ಲ ಯೋಚಿಸುತ್ತ ಕೂರುವ ನನ್ನನ್ನು ಓಣಿಯವರು ಪ್ರೀತಿಯಿಂದಲೋ ಕನಿಕರದಿಂದಲೋ ‘ಮೂಗಿ’ ಎಂದು ಕರೆಯುತ್ತಿದ್ದರು. ಅಂಥ ನಾನು ಅಂದು ಅಡುಗೆಮನೆಯ ಹೊಸಿಲು ಎಡವಿಕೊಂಡು, “ಅಮ್ಮಾ, ಸೇತುವೆ ಮುಚ್ತಾರಂತೆ! ಶುಕ್ರವಾರ ಅಪ್ಪ ಎಲ್ಲಿಗೂ ಹೋಗೋ ಹಾಗಿಲ್ಲ! ಮನೇಲೇ ಊಟ ಮಾಡ್ಬೇಕು!” ಎಂದು ಕೂಗಿದ್ದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಅವಳ ಮುಖ ಒಮ್ಮೆ ಅರಳಿತು. ಮರುಕ್ಷಣವೇ ಕೈ ನಿಂತಿತು.

“ಶುಕ್ರವಾರಾನಾ?” ಎಂದಳು.

ಆಗ ನನಗೂ ನೆನಪಾಯಿತು. ಶುಕ್ರವಾರಕ್ಕೆ ನಾನು ಒಲೆಗೆ ಏನನ್ನೂ ಹೇಳಿರಲಿಲ್ಲ.

ನಮ್ಮ ಊರಲ್ಲಿ ವಾರದ ಅಡುಗೆಯನ್ನು ಭಾನುವಾರ ಸಂಜೆಯೇ ಒಲೆಗೆ ಹೇಳಬೇಕು. ಒಲೆ ಒರೆಸಿ, ದೀಪ ಹಚ್ಚುವ ಮೊದಲು, ಸೋಮವಾರಕ್ಕೆ ಇಂಥದ್ದು, ಮಂಗಳವಾರಕ್ಕೆ ಇಂಥದ್ದು, ಇಷ್ಟು ಬಾಯಿಗೆ ಎಂದು ಮನೆಯವರು ಯಾರಾದರೊಬ್ಬರು ಬಾಯಿಬಿಟ್ಟು ಹೇಳುತ್ತಾರೆ. ಹೇಳಿದ್ದು ಬೇಯುತ್ತದೆ. ಹೇಳದ್ದು ಬೇಯುವುದಿಲ್ಲ. ಬುಧವಾರ ಬಸ್ಸಾರು ಎಂದು ಹೇಳಿದ ಮನೆಯಲ್ಲಿ ಬುಧವಾರ ಬಿಸಿಬೇಳೆಬಾತ್ ಇಟ್ಟರೆ ಸಂಜೆಯವರೆಗೂ ಅಕ್ಕಿ ಕಲ್ಲಿನ ಹಾಗೆ ತಳದಲ್ಲಿ ಕೂತಿರುತ್ತದೆ. ಸೌದೆ ಒಲೆಯಾದರೂ ಅಷ್ಟೆ, ಗ್ಯಾಸ್ ಒಲೆಯಾದರೂ ಅಷ್ಟೆ. ಮೇಷ್ಟ್ರ ಮನೆಯ ಸೊಸೆ ತವರಿನಿಂದ ಕರೆಂಟಿನ ಒಲೆ ತಂದಿದ್ದಳು. ಅದು ಮೊದಲ ವಾರವೇ ಊರಿನ ಬುದ್ಧಿ ಕಲಿತುಕೊಂಡಿತು. ಬರಿಯ ‘ಸಾರು’ ಎಂದರೆ ಯಾವ ಒಲೆಯೂ ಕದಲುವುದಿಲ್ಲ. ಯಾವ ಬೇಳೆ, ಯಾವ ಸೊಪ್ಪು, ಬಿಡಿಸಿ ಹೇಳಬೇಕು. ಮನೆಯಲ್ಲಿ ಸಾಮಾನಿಲ್ಲದ್ದನ್ನು ಹೇಳಿದರೂ ಅದು ಕೇಳಿಸಿಕೊಳ್ಳುವುದಿಲ್ಲ.

ಹೀಗಾಗಿ ನಮ್ಮಲ್ಲಿ ನೆಂಟರು ಭಾನುವಾರದೊಳಗೆ ತಿಳಿಸಿ ಬರುತ್ತಾರೆ. ಹೇಳದೆ ಬಂದವರು ಅವಲಕ್ಕಿ ಮೊಸರು ತಿಂದು, ಬೇಜಾರಿಲ್ಲದೆ ಕೈತೊಳೆಯುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ವಾರ ಹೇಳಲು ಬರುತ್ತದೆಯೇ ಎನ್ನುತ್ತಾರೆ. ಹೇಳುವಾಗ ಮುಖ್ಯವಾದದ್ದೆಂದರೆ ನಡುವೆ ನಿಲ್ಲಬಾರದು. ಯೋಚನೆಗೆಂದು ಒಂದು ಉಸಿರು ಹೆಚ್ಚು ತಡೆದರೂ ಒಲೆ ಆ ದಿನವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಅದನ್ನು ನಮ್ಮಲ್ಲಿ ಬಿಟ್ಟ ದಿನ ಎನ್ನುತ್ತಾರೆ. ಆ ದಿನ ಒಲೆ ಹತ್ತುವುದೇ ಇಲ್ಲ.

ಇದೆಲ್ಲ ಸಾಕೆನಿಸಿದವರಿಗೆ ಸೇತುವೆಯಿದೆ. ಹೊಳೆಯಾಚೆಯ ಒಲೆಗಳು ಯಾರ ಮಾತನ್ನೂ ಕಾಯುವುದಿಲ್ಲ, ಏನಿಟ್ಟರೂ ಬೇಯುತ್ತದೆ. ಸೇತುವೆ ದಾಟಿದೊಡನೆ ದಾಸಣ್ಣನ ತಗಡಿನ ಹೋಟೆಲು. ಊರಿನ ಗಂಡಸರಲ್ಲಿ ಅರ್ಧದಷ್ಟು ಜನ ಬೆಳಿಗ್ಗೆ ಸಂಜೆ ಗಾಳಿ ಸೇವನೆಗೆಂದು ಆ ಕಡೆಗೇ ಹೋಗುತ್ತಾರೆ. ಬರುವಾಗ ಮೀಸೆಯಲ್ಲಿ ಎಣ್ಣೆಯ ಹೊಳಪು.

ನನ್ನ ಅಪ್ಪ ಟೈಲರ್ ಮುಕುಂದಪ್ಪ ಈ ಗಾಳಿ ಸೇವನೆಯನ್ನು ಶುರುಮಾಡಿ ಎಷ್ಟು ವರ್ಷವಾಯಿತೋ ನನಗೆ ಗೊತ್ತಿಲ್ಲ. ಗೊತ್ತಾದದ್ದು ಅವನ ಬಲಗಾಲಿನ ಹೆಬ್ಬೆರಳಲ್ಲಿ ಗಾಯವಾಗಿ, ಅದು ಮಾಯದೆ ಕಪ್ಪಗಾಗತೊಡಗಿದಾಗ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದರು. ಔಷಧಿ ಬರೆದುಕೊಟ್ಟು, “ಔಷಧಿ ಒಂದೇ ಸಾಲದು. ಮನೆ ಊಟ, ಹೇಳಿದ ಪಥ್ಯ, ಒಂದು ದಿನವೂ ತಪ್ಪಬಾರದು. ಇಲ್ಲಾಂದ್ರೆ ಬೆರಳು ತೆಗೀಬೇಕಾಗುತ್ತೆ” ಎಂದರು. ಅಪ್ಪ ಯಂತ್ರ ತುಳಿಯುವುದು ಆ ಕಾಲಿನಲ್ಲೇ.

ಅಮ್ಮನಿಗೆ ಇದು ಸುಲಭವೆನಿಸಿತ್ತು. ಪಥ್ಯ ಮುರಿಯಲು ಒಲೆಯೇ ಬಿಡದ ಊರಲ್ಲಿ ಪಥ್ಯ ಮಾಡಿಸುವುದೇನು ಕಷ್ಟ? ಆ ಭಾನುವಾರ ಅವಳು ಒಲೆಯ ಮುಂದೆ ಕೂತು, ನವಣೆ ಅನ್ನ, ಹಾಗಲಕಾಯಿ ಪಲ್ಯ, ಹುರುಳಿಕಾಳಿನ ಸಾರು, ಸಾಮೆ ಉಪ್ಪಿಟ್ಟು ಎಂದು ಗಂಟೆ ಬಾರಿಸಿದ ಹಾಗೆ ಹೇಳಿ ಮುಗಿಸಿದಳು. ಮನೆಯಲ್ಲಿದ್ದ ಅಕ್ಕಿ, ಬೆಲ್ಲ, ಅವಲಕ್ಕಿ, ಕರಿಯುವ ಎಣ್ಣೆ ಎಲ್ಲವನ್ನೂ ಸುಂದ್ರಕ್ಕನಿಗೆ ಕೊಟ್ಟುಬಿಟ್ಟಳು. ಸೋಮವಾರ ಅಪ್ಪ ತಿಂದ. ಮಂಗಳವಾರ ತಿಂದ. ಬುಧವಾರ ಹಾಗಲಕಾಯಿಯನ್ನು ನೋಡಿ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದ.

“ನಾನೇನು ದನಾನಾ? ಈ ಒಲೆ ಮೇಲೆ ಬೆಂದದ್ದು ಇನ್ನು ನನ್ನ ಬಾಯಿಗೆ ಬೇಡ.”

“ಹೌದಾ?” ಎಂದಳು ಅಮ್ಮ, ತಟ್ಟೆ ಎತ್ತಿಕೊಳ್ಳುತ್ತ. “ಹಾಗಾದ್ರೆ ಈ ಒಲೆಗೆ ಇನ್ನು ನನ್ನ ಬಾಯೂ ಬೇಡ. ನಾನು ಹೇಳಿ ಹೇಳಿ ಸಾಕಾಯ್ತು. ಬೇಕಾದೋರು ಬಂದು ಬೇಕು ಅನ್ಲಿ, ಆಮೇಲೆ ನೋಡೋಣ.”

ಅಂದಿನಿಂದ ಅಪ್ಪ ಎರಡು ಹೊತ್ತೂ ಸೇತುವೆಯಾಚೆ. ಅಮ್ಮ ಅವನ ಜೊತೆ ಮಾತು ನಿಲ್ಲಿಸಿದಳು, ಒಲೆಯ ಜೊತೆಗೂ. ಭಾನುವಾರ ಹೇಳುವ ಕೆಲಸ ನನ್ನ ಕೊರಳಿಗೆ ಬಂತು. ಏನೇನು ಹೇಳಬೇಕೆಂದು ಅವಳು ನನಗೆ ಬಾಯಿಪಾಠ ಮಾಡಿಸುತ್ತಿದ್ದಳು. “ಎಷ್ಟು ಬಾಯಿಗೆ ಅಂತ ಹೇಳ್ಲಿ?” ಎಂದು ಮೊದಲ ಸಲ ಕೇಳಿದಾಗ, “ಮೂರು” ಎಂದು ಒರಟಾಗಿ ಹೇಳಿ ಹಿತ್ತಲಿಗೆ ಹೋಗಿದ್ದಳು. ಆ ಮೂರನೆಯ ಪಾಲು ದಿನವೂ ಮಧ್ಯಾಹ್ನ ಕಾಂಪೌಂಡಿನ ಮೇಲಿಂದ ಸುಂದ್ರಕ್ಕನ ಹಸುವಿಗೆ ಹೋಗುತ್ತಿತ್ತು. ನವಣೆ, ಸಾಮೆ, ಹುರುಳಿ ತಿಂದು ಅದರ ಮೈ ಕನ್ನಡಿಯ ಹಾಗೆ ಹೊಳೆಯತೊಡಗಿತು. “ನಿಮ್ಮ ಯಜಮಾನ್ರ ಪಥ್ಯ ನಮ್ಮ ಹಸೂಗೆ ಚೆನ್ನಾಗಿ ಹಿಡೀತು ಸಣ್ಣಮ್ಮಾ” ಎಂದು ಸುಂದ್ರಕ್ಕ ಅಮ್ಮನನ್ನು ಕಂಡಾಗೆಲ್ಲ ಕಿಸಕ್ಕನೆ ನಗುತ್ತಿದ್ದಳು. ಹೊತ್ತಿಗೆ ಸರಿಯಾಗಿ ಅದು ಕಾಂಪೌಂಡಿಗೆ ಗಲ್ಲ ಆನಿಸಿ ನಿಂತು ನಮ್ಮ ಅಡುಗೆಮನೆಯ ಕಡೆಗೇ ನೋಡುತ್ತಿತ್ತು.

ನಾನು ಹೇಳಿದ ಮೊದಲ ಎರಡು ವಾರ ಸರಿಯಾಗಿತ್ತು. ಮೂರನೆಯ ಭಾನುವಾರ, ಗುರುವಾರದವರೆಗೆ ಹೇಳಿ, ‘ಶುಕ್ರವಾರ’ ಎಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಡುಮನೆಯಲ್ಲಿ ಯಂತ್ರ ನಿಂತಿತು. ಅಪ್ಪನ ಹೆಜ್ಜೆ ಕೇಳಿಸಿತು: ಎಡಗಾಲು ಹಗುರ, ಬಲಗಾಲು ಎಳೆದ ಹಾಗೆ. ಒಂದು ಹೆಜ್ಜೆ ಅಡುಗೆಮನೆಯ ಕಡೆ ಬಂದ ಹಾಗಿತ್ತು. ನಾನು ಉಸಿರು ಹಿಡಿದು ಕೇಳಿಸಿಕೊಂಡೆ. ಆಮೇಲೆ ಚಪ್ಪಲಿ ಮೆಟ್ಟಿದ ಸದ್ದು, ಬೀದಿ ಬಾಗಿಲು, ಅದರ ಹಿಂದೆಯೇ ಮನೆ ತುಂಬಿಕೊಂಡ ಮೌನ. ಮತ್ತೆ ಬಾಯಿ ತೆರೆಯುವ ಹೊತ್ತಿಗೆ ಒಲೆಯೊಳಗಿನ ಬೂದಿ ಸಣ್ಣಗೆ ಜಾರಿತು. ಶುಕ್ರವಾರ ಹೋಗಿತ್ತು. ಶನಿವಾರ ಹೇಳಿ ಎದ್ದೆ.

ಅಮ್ಮ ಬೈಯಲಿಲ್ಲ. “ಇರ್ಲಿ ಬಿಡು, ಶುಕ್ರವಾರ ಸೌತೆಕಾಯಿ ಮಜ್ಜಿಗೇಲಿ ಕಳೀತೀವಿ. ಇಬ್ರೇ ತಾನೆ” ಎಂದಿದ್ದಳು.

ಇಬ್ಬರೇ ತಾನೆ ಎಂದುಕೊಂಡ ಆ ಒಂದು ದಿನದ ಮೇಲೆಯೇ ಈಗ ಸೇತುವೆಯ ಹಲಗೆ ಬಿದ್ದಿತ್ತು.

“ಏನ್ ಮಾಡೋದಮ್ಮಾ?” ಎಂದೆ.

“ನನ್ನ ಏನ್ ಕೇಳ್ತೀಯ? ಬಿಟ್ಟ ದಿನಕ್ಕೆ ದಾರಿ ಇಲ್ವಾ?”

ದಾರಿ ಇತ್ತು. ಬಿಟ್ಟ ದಿನವನ್ನು ಅದೇ ದಿನ ಬೆಳಿಗ್ಗೆ ಒಲೆಗೆ ಹೇಳಬಹುದು. ಎಷ್ಟು ಸಲ ತಪ್ಪಿದರೂ ಮತ್ತೆ ಹೇಳಬಹುದು, ಆದರೆ ಹೊತ್ತು ನೆತ್ತಿಗೆ ಬರುವುದರೊಳಗೆ ಹೇಳಬೇಕು, ಬಿಟ್ಟವರು ಹೇಳಬಾರದು, ಅದೇ ಮನೆಯ ಬೇರೆ ಬಾಯಿ ಹೇಳಬೇಕು. ನಮ್ಮ ಮನೆಯಲ್ಲಿರುವುದು ಮೂರು ಬಾಯಿ. ಒಂದು ನನ್ನದು, ಅದು ಕೆಲಸಕ್ಕೆ ಬರುವುದಿಲ್ಲ. ಇನ್ನೆರಡು ಜಗಳವಾಡಿಕೊಂಡು ಮುಚ್ಚಿಕೊಂಡಿದ್ದವು.

“ನೀನೇ ಹೇಳಮ್ಮ. ಒಂದೇ ಒಂದು ಸಲ.”

“ಬೇಕಾದೋರು ಬಂದು ಬೇಕು ಅನ್ಲಿ ಅಂದಿದ್ದೀನಿ ವಾರಿಜಾ. ಮಾತು ಅಂದ್ರೆ ಮಾತು.” ಅವಳು ಮತ್ತೆ ಸೊಪ್ಪಿಗೆ ಕೈಹಾಕಿದಳು. ಆದರೆ ಕಡ್ಡಿಯನ್ನು ಬುಟ್ಟಿಗೂ ಎಲೆಯನ್ನು ಕಸಕ್ಕೂ ಹಾಕುತ್ತಿದ್ದಳು.

ಬುಧವಾರ, ಗುರುವಾರ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪರೀಕ್ಷೆಯ ಹಿಂದಿನ ದಿನವೂ ನಾನು ಹೀಗೆ ಒದ್ದಾಡಿರಲಿಲ್ಲ. ಭಯವೆಂದರೆ ಭಯವಲ್ಲ, ಖುಷಿಯೆಂದರೆ ಪೂರಾ ಖುಷಿಯೂ ಅಲ್ಲ. ಇಷ್ಟು ದಿನ ಸೇತುವೆಯೊಂದು ಇದ್ದುದರಿಂದ ಅವರಿಬ್ಬರೂ ಸೋಲದೆ ಉಳಿದಿದ್ದರು. ಶುಕ್ರವಾರ ಅದು ಇರುವುದಿಲ್ಲ. ಗುರುವಾರ ಸಂಜೆ ಅಪ್ಪನ ಕಾಲಿನ ಪಟ್ಟಿ ಬದಲಿಸುವಾಗ ಬೆರಳಿನ ಕಪ್ಪು ಬುಡದ ಕಡೆಗೆ ಇಳಿದಿತ್ತು. ಅವನು ಗೋಡೆಯ ಕಡೆ ನೋಡುತ್ತ, “ನಾಳೆ ಹಲಗೆ ಬಿಚ್ತಾರಂತಲ್ಲ, ಮಧ್ಯಾಹ್ನದೊಳಗೆ ಹೊಸದು ಹಾಕ್ಬಿಡ್ತಾರಂತಾ?” ಎಂದಷ್ಟೇ ಕೇಳಿದ.

“ರಾತ್ರಿ ಆಗುತ್ತಂತೆ” ಎಂದೆ.

ಶುಕ್ರವಾರ ಬೆಳಿಗ್ಗೆ ಅವನು ಎಂದಿನಂತೆ ಚಪ್ಪಲಿ ಮೆಟ್ಟಿ ಹೊರಟ. ನಾನು ದೂರದಿಂದ ಹಿಂಬಾಲಿಸಿದೆ. ಹೊಳೆಯ ದಂಡೆಯಲ್ಲಿ ಊರಿನ ಗಂಡಸರು ಮದುವೆ ದಿಬ್ಬಣಕ್ಕೆ ಕಾದವರಂತೆ ಸಾಲಾಗಿ ನಿಂತಿದ್ದರು. ಸೇತುವೆಯಲ್ಲಿ ಬರಿಯ ಕಬ್ಬಿಣದ ಪಟ್ಟಿಗಳು, ಕೆಳಗೆ ಕೆಂಪು ನೀರು. ಆಚೆ ದಡದಲ್ಲಿ ದಾಸಣ್ಣ, ಗಿರಾಕಿಗಳಿಲ್ಲದೆ ಬೇಸರವಾಗಿ, ಜಾಲರಿಯಲ್ಲಿ ಬೋಂಡ ಎತ್ತಿ ಎತ್ತಿ ತೋರಿಸುತ್ತಿದ್ದ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು.

“ಎಸೆಯೋ ದಾಸಣ್ಣಾ!” ಎಂದು ಯಾರೋ ಕೂಗಿದರು. ದಾಸಣ್ಣ ನಿಜವಾಗಿಯೂ ಎಸೆದ. ಬೋಂಡ ಹೊಳೆಯ ಅರ್ಧ ದಾರಿಗೆ ಬಂದು ನೀರಿಗೆ ಬಿತ್ತು. ದಂಡೆಯ ಮೇಲಿದ್ದವರೆಲ್ಲ ಒಟ್ಟಿಗೆ ನಿಟ್ಟುಸಿರುಬಿಟ್ಟರು. “ಮುಕುಂದಪ್ಪ, ನಡಿ ಮನೆಗೆ, ಹೆಂಡ್ತಿ ಹಾಗಲಕಾಯಿ ಹುರಿದಿರ್ತಾಳೆ” ಎಂದು ಮೇಷ್ಟ್ರು ಹೆಗಲು ತಟ್ಟಿದರು. “ನಿಮ್ಮನೇಲಿ ಏನಂತೆ ಮೇಷ್ಟ್ರೇ?” ಎಂದ ಅಪ್ಪ. “ನಮ್ಮನೇಲಿ ಸೋರೆಕಾಯಿ ಕಣಪ್ಪ. ದೇವರು ದೊಡ್ಡೋನು” ಎನ್ನುತ್ತ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಹೊರಟರು. ಒಬ್ಬೊಬ್ಬರಾಗಿ ಎಲ್ಲರೂ ಮನೆಯ ದಾರಿ ಹಿಡಿದರು. ಅಪ್ಪ ಕೊನೆಯವರೆಗೂ ನಿಂತಿದ್ದ.

ಮನೆಗೆ ಬಂದವನು ಯಂತ್ರದ ಮುಂದೆ ಕೂತ. ನಾನು ಒಂದು ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿ ಪಕ್ಕದಲ್ಲಿಟ್ಟೆ. ಅದನ್ನು ತಿಂದ. ತಿಂದು ಖಾಲಿ ತಟ್ಟೆಯನ್ನು ನೋಡಿದ. ಸುಂದ್ರಕ್ಕ ಕಾಂಪೌಂಡಿನಿಂದ ಇಣುಕಿ, “ನಮ್ಮನೇದು ಕೊಡೋಣಾಂದ್ರೆ ನಾಲ್ಕು ಬಾಯಿಗೆ ಹೇಳಿದ್ದು ನಾಲ್ಕೇ ಬಾಯಿಗೆ ಬೆಂದಿದೆ ಕಣಮ್ಮ, ಮಿಕ್ಕಿದ್ದು ಪಾತ್ರೆ ತಳದಲ್ಲಿ ಹಸಿಯಾಗೇ ಕೂತಿದೆ” ಎಂದು ಕೈಚೆಲ್ಲಿದಳು. ಯಂತ್ರ ಸ್ವಲ್ಪ ಓಡುವುದು, ನಿಲ್ಲುವುದು. ಓಡುವುದು, ನಿಲ್ಲುವುದು. ಸೂಜಿಗೆ ದಾರ ಪೋಣಿಸಲು ಅವನು ಪಡುತ್ತಿದ್ದ ಪಾಡು ನೋಡಲಾಗುತ್ತಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಬಿಸಿಲು ಅಂಗಳದ ತುಳಸಿಕಟ್ಟೆಯ ನೆರಳನ್ನು ಕಟ್ಟೆಯ ಬುಡದ ಕಡೆಗೆ ಎಳೆಯುತ್ತಿತ್ತು.

ಆಗ ಯಂತ್ರ ನಿಂತಿತು. ಎಡಗಾಲು ಹಗುರ, ಬಲಗಾಲು ಎಳೆದ ಹಾಗೆ. ಹೆಜ್ಜೆ ಅಡುಗೆಮನೆಯ ಹೊಸಿಲಿಗೆ ಬಂದು ನಿಂತಿತು.

“ಹಸಿವಾಗ್ತಿದೆ” ಎಂದ ಅಪ್ಪ, ಗೋಡೆಗೆ ಹೇಳಿದವನಂತೆ.

ಅಮ್ಮ ಪಾತ್ರೆಯಿಂದ ಮುಖ ಎತ್ತಲಿಲ್ಲ. ನನ್ನನ್ನು ನೋಡಿ, “ಇವತ್ತು ಬಿಟ್ಟ ದಿನ ಅಂತ ಹೇಳು ನಿಮ್ಮಪ್ಪಂಗೆ. ಬೇಕಾದೋರು ಒಲೆಗೆ ಹೇಳ್ಬಹುದು ಅಂತ ಹೇಳು” ಎಂದಳು.

“ಅಪ್ಪ, ಇವತ್ತು ಬಿಟ್ಟ ದಿನ.”

“ಕೇಳಿಸ್ತು. ಕಿವಿ ಇದೆ ನಂಗೆ.” ಅವನು ಒಲೆಯ ಕಡೆ ನೋಡಿದ. ಆ ಒಲೆಯ ಅನ್ನವನ್ನು ಅಷ್ಟು ವರ್ಷ ಉಂಡಿದ್ದರೂ ಅವನು ಅದರ ಮುಂದೆ ಕೂತಿದ್ದನ್ನು ನಾನು ಕಂಡಿರಲಿಲ್ಲ. ಮಣೆ ಎಳೆದುಕೊಂಡು, ನೋಯುವ ಕಾಲನ್ನು ಮುಂದಕ್ಕೆ ಚಾಚಿ, ಗಂಟಲು ಸರಿಮಾಡಿಕೊಂಡು ಕೂತ. ನಾನು ಕಡ್ಡಿಪೆಟ್ಟಿಗೆ ಹಿಡಿದು ಪಕ್ಕದಲ್ಲಿ ನಿಂತೆ.

“ಶುಕ್ರವಾರ,” ಎಂದ ಅಪ್ಪ. “ಬೋಂಡ.”

ಕಡ್ಡಿ ಗೀರಿದೆ. ಹತ್ತಲಿಲ್ಲ.

“ಕರಿಯೋಕೆ ಎಣ್ಣೆ ಇಲ್ಲ ಅಂತ ಹೇಳು” ಎಂದಳು ಅಮ್ಮ, ನನಗೆ.

“ಹೋಳಿಗೆ.”

ಹತ್ತಲಿಲ್ಲ. “ಬೆಲ್ಲ ಎಲ್ಲಿದೆ ಅಂತ ಕೇಳು.”

“ಪುಳಿಯೋಗರೆ!”

“ಅಕ್ಕಿ ಸುಂದ್ರಕ್ಕನ ಮನೇಲಿ ಸುಖವಾಗಿದೆ ಅಂತ ಹೇಳು.”

“ಮುದ್ದೆ, ಮುದ್ದೆ!” ಅಪ್ಪನ ಹಣೆಯಲ್ಲಿ ಬೆವರು ಮೂಡಿತ್ತು. ನಾನು ಮೆಲ್ಲಗೆ, ರಾಗಿಹಿಟ್ಟು ನಿನ್ನೆಗೇ ಮುಗಿಯಿತು, ಹಿಟ್ಟಿನ ಗಿರಣಿಯೂ ಸೇತುವೆಯಾಚೆ ಎಂದೆ. ಅವನು ಒಲೆಗೆ ಬೈಯತೊಡಗಿದ. “ಹಾಗಾದ್ರೆ ಸಾರು! ಸಾರು ಅಂದ್ರೆ ಸಾರು! ಬೇಳೆ ಹಾಕಿದ ಸಾರು! ಅಷ್ಟೂ ಗೊತ್ತಾಗಲ್ವಾ ನಿಂಗೆ?” ಒಲೆ ಅಲ್ಲಾಡಲಿಲ್ಲ. ಬೂದಿಯ ಮೇಲೆ ಮೂರು ಒಣ ಸೌದೆ ಹಾಗೆಯೇ ಬಿದ್ದಿದ್ದವು.

ಅಂಗಳದಲ್ಲಿ ತುಳಸಿಕಟ್ಟೆಯ ನೆರಳು ಒಂದು ಗೇಣಿಗೆ ಇಳಿದಿತ್ತು. ಮನೆಯಲ್ಲಿ ಏನೇನಿದೆ ಎಂದು ನನಗೆ ಗೊತ್ತಿತ್ತು. ಡಬ್ಬಿಯಲ್ಲಿ ಹೆಸರುಬೇಳೆ, ನವಣೆ, ಬುಟ್ಟಿಯ ತಳದಲ್ಲಿ ಎರಡು ಕಟ್ಟು ಸೊಪ್ಪು. ಹೇಳಿಬಿಡುತ್ತೇನೆ, ಕೇಳಿಕೊಂಡು ಅಪ್ಪ ಹೇಳಲಿ, ಮುಗಿಯಲಿ ಎಂದು ಬಾಯಿ ತೆರೆದೆ. ಅಮ್ಮನ ಒದ್ದೆ ಕೈ ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿತು. ಅವಳ ಬೆರಳುಗಳಿಗೆ ಹುಣಸೆಯ ವಾಸನೆಯಿತ್ತು. ನನ್ನ ಕಿವಿಯ ಹತ್ತಿರ ಅವಳ ಉಸಿರು ಜೋರಾಗಿ ಬರುತ್ತಿತ್ತು. ಕೈ ತೆಗೆದ ಮೇಲೂ ನಾನು ಮಾತಾಡಲಿಲ್ಲ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ಒಂದೇ ಕೆಲಸ; ಅಂದಿನಷ್ಟು ಕಷ್ಟಪಟ್ಟು ಅದನ್ನು ಎಂದೂ ಮಾಡಿರಲಿಲ್ಲ.

ಅಪ್ಪ ಕೈಯಿಂದ ಹಣೆ ಒರೆಸಿಕೊಂಡ. ಬೈಗುಳ ಮುಗಿದಿತ್ತು. ಗೊತ್ತಿದ್ದ ಹೆಸರುಗಳೂ ಮುಗಿದಿದ್ದವು. ಆಗ ನನಗೆ ಹೊಳೆಯಿತು, ಇವನಿಗೆ ಹೊಳೆಯಾಚೆಯ ತಿಂಡಿಗಳ ಹೆಸರೆಲ್ಲ ಬರುತ್ತದೆ, ಈ ಅಡುಗೆಮನೆಯಲ್ಲಿ ಬೆಂದದ್ದರ ಹೆಸರು ಬರುವುದಿಲ್ಲ. ಬಡಿಸಿದ್ದನ್ನು ತಿಂದು ಕೈತೊಳೆದು ಎದ್ದವನು. ಇದೇನು ಎಂದು ಒಮ್ಮೆಯೂ ಕೇಳಿರಲಿಲ್ಲ, ಕೇಳುವ ಅಗತ್ಯವೂ ಬಿದ್ದಿರಲಿಲ್ಲ.

“ಆವತ್ತು,” ಎಂದ ಅವನು ಕೊನೆಗೆ. ದನಿ ಇಳಿದಿತ್ತು. “ಸ್ಕೂಲು ಮಕ್ಕಳ ಯೂನಿಫಾರಂ ಹೊಲಿಯೋಕೆ ಒಪ್ಕೊಂಡಿದ್ನಲ್ಲ. ವಾರಿ ಇನ್ನೂ ಅಂಬೆಗಾಲಿಡ್ತಿದ್ಲು. ಹೊಲಿದು ಹೊಲಿದು ಜ್ವರ ಬಂದು ಬಿದ್ಕೊಂಡಿದ್ದೆ. ಆಗ ಒಂದು ಮಾಡಿದ್ದೆ ನೀನು.”

ನೀನು ಎಂದಿದ್ದ. ಅಷ್ಟು ದಿನಗಳ ಮೇಲೆ ನನ್ನನ್ನು ನಡುವೆ ಇಟ್ಟುಕೊಳ್ಳದೆ ಮಾತಾಡಿದ್ದ. ಅಮ್ಮನ ಕೈಯಲ್ಲಿದ್ದ ಪಾತ್ರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹಳದಿ ಬಣ್ಣ. ನಡುನಡುವೆ ಹಸಿರು. ತೀರಾ ಗಟ್ಟಿಯಲ್ಲ, ತೀರಾ ನೀರೂ ಅಲ್ಲ. ನಾಲಿಗೆಗೆ ಒಂಚೂರು ಕಹಿ ಹತ್ತೋದು, ಆಮೇಲೆ ಆ ಕಹಿನೇ ಮತ್ತೆ ಬೇಕು ಅನ್ನಿಸೋದು. ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮೂರು ದಿನ ಏನೂ ತಿನ್ನದೋನು ಬಟ್ಟಲು ನೆಕ್ಕಿದ್ದೆ. ನೀನು ಬಾಗಿಲಲ್ಲಿ ನಿಂತ್ಕೊಂಡು ನಗ್ತಿದ್ದೆ.” ಅವನು ಮೊದಲ ಸಲ ತಿರುಗಿ ಅವಳನ್ನು ನೋಡಿದ. “ಅದು ಬೇಕು ಸಣ್ಣಿ. ಅದರ ಹೆಸರೇನು ನಂಗೆ ಗೊತ್ತಿಲ್ಲ.”

ಮನೆ ಸುಮ್ಮನಾಯಿತು. ಎಷ್ಟೋ ಬಗೆಯ ಮೌನಗಳನ್ನು ಬಲ್ಲೆನೆಂದುಕೊಂಡಿದ್ದ ನನಗೆ ಇದು ಹೊಸದು. ಕಾಂಪೌಂಡಿನಾಚೆ ಸುಂದ್ರಕ್ಕನೂ ಉಸಿರು ಬಿಗಿಹಿಡಿದಿದ್ದಳೇನೋ, ಅವಳ ಬಳೆಯ ಸದ್ದೂ ಇರಲಿಲ್ಲ.

ಅಮ್ಮ ಪಾತ್ರೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಅಪ್ಪನ ಪಕ್ಕದಲ್ಲಿ, ಮಣೆಯಿಲ್ಲದೆ, ಬರಿಯ ನೆಲದ ಮೇಲೆ ಕೂತು ಒಲೆಗೆ ಮುಖಮಾಡಿದಳು.

“ಶುಕ್ರವಾರ,” ಎಂದಳು. ಉಸಿರು ತಡೆಯದೆ ಹೇಳಿದಳು. “ಹೆಸರುಬೇಳೆ, ಮೆಂತ್ಯಸೊಪ್ಪಿನ ತೊವ್ವೆ. ಮೂರು ಬಾಯಿಗೆ.”

ನಾನು ಕಡ್ಡಿ ಗೀರುವುದರೊಳಗೆ ಒಲೆ ಭಗ್ಗೆಂದಿತು. ಅಪ್ಪ ಬೆಚ್ಚಿ ಹಿಂದಕ್ಕೆ ವಾಲಿದ. “ಅಯ್ಯೋ, ಕಾಲು ಕಣ್ರೀ, ಕಾಲು!” ಎಂದು ಅಮ್ಮ ಅವನ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಎಳೆದಳು. ಎಳೆದವಳು ಪಟ್ಟಿಯನ್ನು ನೋಡಿದಳು. ಕಾಲು ಬಿಡದೆ ಹಾಗೆಯೇ ಕೂತಳು. ಆಮೇಲೆ ನನ್ನ ಕಡೆ ತಿರುಗಿ, “ಏನ್ ನೋಡ್ತಾ ನಿಂತಿದ್ದೀಯ? ಬೇಳೆ ತೊಳಿ! ಬುಟ್ಟಿ ತಳದಲ್ಲಿರೋದು ಮೆಂತ್ಯಸೊಪ್ಪೇ. ಎಲೆ ಮಾತ್ರ ಬಿಡಿಸು, ಕಡ್ಡಿ ಹಾಕ್ಬೇಡ!” ಎಂದು ಗದರಿದಳು.

ಮನೆಯೆಲ್ಲ ಒಮ್ಮೆಗೇ ಓಡತೊಡಗಿತು. ನಾನು ಬೇಳೆ ತೊಳೆದೆ, ಅರ್ಧ ನೆಲಕ್ಕೆ ಚೆಲ್ಲಿದೆ, ಆರಿಸಿ ಮತ್ತೆ ತೊಳೆದೆ. ಅಪ್ಪ ಕೂತಲ್ಲಿಂದಲೇ ಬೆಳ್ಳುಳ್ಳಿ ಸುಲಿಯುತ್ತೇನೆಂದು ಹಟಮಾಡಿ, ಸಿಪ್ಪೆಯ ಜೊತೆ ಅರ್ಧ ಎಸಳನ್ನೂ ಕಿತ್ತುಹಾಕಿದ. “ಬಟ್ಟೆ ಕತ್ತರಿಸೋ ಕೈ ನೋಡು, ಬೆಳ್ಳುಳ್ಳೀಲೂ ಉಳಿತಾಯ ಮಾಡೋಕೆ ಬರಲ್ಲ” ಎಂದಳು ಅಮ್ಮ. “ಬಟ್ಟೇಲಿ ಉಳಿಸಿದ್ದು ನಿನ್ನ ಕುಪ್ಪಸಕ್ಕೆ ಆಗಿಲ್ವೇನೇ?” ಎಂದ ಅವನು. ಕಾಂಪೌಂಡಿನಾಚೆ ಸುಂದ್ರಕ್ಕ ತಡೆಯಲಾರದೆ ನಕ್ಕದ್ದು ಕೇಳಿಸಿತು. ಡಬ್ಬಿಯ ತಳದಲ್ಲಿದ್ದ ಒಂದು ಚಮಚ ಎಣ್ಣೆಯಲ್ಲಿ ಒಗ್ಗರಣೆ ಚಟಪಟ ಎಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಹೊಗೆಯೆಂದುಕೊಂಡು ಒರೆಸಿಕೊಂಡೆ.

ಒಲೆಗೆ ಹೇಳದಿದ್ದುದರಿಂದ ಅನ್ನವಿಲ್ಲ, ಮುದ್ದೆಯಿಲ್ಲ. ಬರಿಯ ತೊವ್ವೆಯನ್ನು ಬಟ್ಟಲಿಗೆ ಹಾಕಿಕೊಂಡು ಮೂವರೂ ಒಲೆಯ ಮುಂದೆಯೇ ಕೂತು ಉಂಡೆವು. ಅಪ್ಪ ಮೊದಲ ತುತ್ತನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡ.

“ಇದೇನಾ?” ಎಂದಳು ಅಮ್ಮ.

“ಇದೇ.” ಇನ್ನೊಂದು ತುತ್ತು. “ಆವತ್ತು ಉಪ್ಪು ಸರಿಯಾಗಿತ್ತು.”

“ಡಾಕ್ಟ್ರು ಉಪ್ಪೂ ಕಮ್ಮಿ ಅಂದಿದ್ದಾರೆ.”

“ಅವನ ಮನೆ ಒಲೆಗೆ ಯಾರು ಹೇಳ್ತಾರೋ” ಎಂದು ಗೊಣಗಿ ಅವನು ಬಟ್ಟಲು ಮುಂದಕ್ಕೆ ಚಾಚಿದ. ಈ ಸಲ ತಳ್ಳಲು ಅಲ್ಲ, ಇನ್ನೊಂದು ಸೌಟಿಗೆ.

ಬೆರಳಿನ ವಿಷಯ ಕೇಳುವವರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಉಗುರು ಹೋಯಿತು. ಬೆರಳು ಉಳಿಯಿತು. ಅದಕ್ಕೆ ತಿಂಗಳುಗಳೇ ಬೇಕಾದವು, ನಡುವೆ ಇನ್ನೂ ಜಗಳಗಳಾದವು. ಆದರೆ ನನಗೆ ಹೇಳಬೇಕೆನಿಸುವುದು ಅದಲ್ಲ, ಮರುದಿನದ ಮಾತು. ಯಾಕೆಂದರೆ ಶುಕ್ರವಾರ ಸೇತುವೆ ಇರಲಿಲ್ಲ, ಹಸಿದವನು ಉಂಡ. ಅದರಲ್ಲಿ ಅವನ ಇಷ್ಟವೆಷ್ಟು, ಹೊಟ್ಟೆಯ ಬಲವಂತವೆಷ್ಟು ಎಂದು ನಾನು ರಾತ್ರಿ ಮಲಗಿದಾಗಲೂ ಲೆಕ್ಕಹಾಕುತ್ತಿದ್ದೆ. ಅಂಥ ಯೋಚನೆಗಳು ನನ್ನನ್ನು ಸುಲಭವಾಗಿ ಬಿಡುವುದಿಲ್ಲ.

ಶನಿವಾರ ಬೆಳಿಗ್ಗೆ ಸೇತುವೆಗೆ ಹೊಸ ಹಲಗೆ ಕೂತಿತ್ತು. ದಾಸಣ್ಣನ ಎಣ್ಣೆಯ ಘಮ ಎಂದಿಗಿಂತ ಮುಂಚೆಯೇ ಓಣಿಗೆ ಬಂತು. ಗಂಡಸರು ಗುಂಪುಗುಂಪಾಗಿ ಗಾಳಿ ಸೇವನೆಗೆ ಹೊರಟರು. ಮೇಷ್ಟ್ರು ಎಲ್ಲರಿಗಿಂತ ಮುಂದೆ. “ಬರ್ತೀಯೇನೋ ಮುಕುಂದಪ್ಪ?” ಎಂದು ಯಾರೋ ಬಾಗಿಲಲ್ಲಿ ಕೂಗಿದರು. “ಒಂದು ತೋಳು ಬಾಕಿ ಇದೆ, ನಡೀರಿ” ಎಂದ ಅಪ್ಪ. ಬರುತ್ತೇನೆಂದೋ ಬರುವುದಿಲ್ಲವೆಂದೋ ಅದರಲ್ಲಿ ತಿಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಭಾನುವಾರ ನಾನು ಹೇಳಿದ್ದ ಶನಿವಾರ ಬೇಯುತ್ತಿತ್ತು. ನವಣೆ ಅನ್ನ, ಹಾಗಲಕಾಯಿ ಗೊಜ್ಜು, ಮೂರು ಬಾಯಿಗೆ. ಅದೇ ಹಾಗಲಕಾಯಿ. ಅಮ್ಮ ಎರಡು ತಟ್ಟೆ ಹಾಕಿದಳು. ಸ್ವಲ್ಪ ತಡೆದು ಮೂರನೆಯದನ್ನೂ ತೊಳೆದಳು, ಆದರೆ ಹಾಕದೆ ಕೈಯಲ್ಲೇ ಹಿಡಿದುಕೊಂಡಳು.

ಯಂತ್ರ ನಿಂತಿತು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಎಡಗಾಲು ಹಗುರ, ಬಲಗಾಲು ಎಳೆದ ಹಾಗೆ. ಬಾಗಿಲವರೆಗೆ ಹೋಯಿತು. ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದು. ಆ ಸದ್ದು ಚಪ್ಪಲಿ ಮೆಟ್ಟಿದ್ದೋ, ದಾರಿಗೆ ಅಡ್ಡವಿದ್ದುದನ್ನು ಪಕ್ಕಕ್ಕೆ ಸರಿಸಿದ್ದೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಏನೂ ಕೇಳಿಸಲಿಲ್ಲ. ಬೀದಿ ಬಾಗಿಲ ಚಿಲಕ ಮೇಲಿನಿಂದ ಕೆಳಕ್ಕೆ ಬಿತ್ತು, ಒಳಗಡೆಯಿಂದ.

“ಏನೇ ಸಣ್ಣಿ,” ಎಂದು ನಡುಮನೆಯಿಂದಲೇ ಕೂಗುತ್ತ ಬಂದ ಅಪ್ಪ, “ಇವತ್ತಿನದರ ಹೆಸರೇನು?”

ಅಮ್ಮ ಮೂರನೆಯ ತಟ್ಟೆ ಹಾಕಿದಳು. ಕಾಂಪೌಂಡಿನಾಚೆ, ಹೊತ್ತಿಗೆ ಸರಿಯಾಗಿ ಗಲ್ಲ ಆನಿಸಿ ಕಾದು ನಿಂತಿದ್ದ ಸುಂದ್ರಕ್ಕನ ಹಸು ಅಂದು ಬಹಳ ಹೊತ್ತು ಕೂಗಿತು.